ಆರು ಮಿಣಿ ಆಳದ ನೀರು: ನಮೀಬಿಯಾ ದಿನಚರಿ

27 ಆಗಸ್ಟ್ 2024, ಮಂಗಳವಾರ
ಒಕಾಕುಯೇಯೊ, ಎಟೋಷಾ ರಾಷ್ಟ್ರೀಯ ಉದ್ಯಾನ

ಬೆಳಿಗ್ಗೆ ವಿಂಡ್‌ಹುಕ್‌ನಿಂದ ಹೊರಟು, 400 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ, ಸೂರ್ಯ ಮುಳುಗುವ ಮೊದಲೇ ಎಟೋಷಾದ ದಕ್ಷಿಣದ ಬಾಗಿಲನ್ನು ದಾಟಿದೆವು. ಸೂರ್ಯಾಸ್ತದ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲವಾದ್ದರಿಂದ ದಾರಿಯುದ್ದಕ್ಕೂ ಮಗನಿಗೆ ಅದೊಂದೇ ಚಿಂತೆ. ಅವನು ಜೊಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿರುವುದರಿಂದಲೇ ಯಜಮಾನರಿಗೂ ನನಗೂ ಈ ಪ್ರವಾಸ ಒದಗಿತು. ನಡುವೆ ಓಟ್ಜಿವರೊಂಗೊ ಎಂಬ ಊರು ಬಂದಾಗ, 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ಬಂದಿಳಿದ 8 ಚೀತಾಗಳ ನೆನಪಾಯಿತು. ಚೀತಾ ಸಂರಕ್ಷಣೆಗೆ ಹೆಸರಾದ ಕೇಂದ್ರ ಇರುವುದು ಆ ಊರಿನ ಬಳಿಯಲ್ಲೇ. ಆದರೆ ನಮಗೆ ನಿಲ್ಲಲು ಸಮಯವಿರಲಿಲ್ಲ.

ಬಂಡೀಪುರದಲ್ಲಿಯೋ ನಾಗರಹೊಳೆಯಲ್ಲಿಯೋ ಸಫಾರಿಗೆ ಹೋದವರಿಗೆ ಅಲ್ಲಿನ ಪರಿಪಾಠ ಗೊತ್ತಿದೆ: ಇಲಾಖೆಯ ಗಾಡಿಯಲ್ಲಿ ಕುಳಿತು, ಎಲ್ಲೋ ಹುಲಿ ಕಂಡಿತೆಂಬ ಸುದ್ದಿ ಬಂದೊಡನೆ ಅತ್ತ ಧಾವಿಸುವುದು, ತಲುಪುವಷ್ಟರಲ್ಲಿ ಪೊದೆ ಅಲುಗಾಡುವುದನ್ನಷ್ಟೇ ನೋಡಿ ಮರಳುವುದು. ಇಲ್ಲಿ ನಮ್ಮ ಗಾಡಿಯನ್ನು ನಾವೇ ಓಡಿಸಬಹುದು, ಆದರೆ ಗುರುತು ಮಾಡಿದ ಜಾಗಗಳನ್ನು ಬಿಟ್ಟು ಬೇರೆಲ್ಲೂ ಕೆಳಗಿಳಿಯುವಂತಿಲ್ಲ. ಪ್ರಾಣಿಯನ್ನು ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ. ಈ ಒಣ ತಿಂಗಳುಗಳಲ್ಲಿ ನೀರಿರುವ ಹೊಂಡದ ಪಕ್ಕದಲ್ಲಿ ಎಂಜಿನ್ ಆರಿಸಿ ಕುಳಿತರೆ ಸಾಕು, ಕಾಡೇ ಸರದಿಯಲ್ಲಿ ಬರುತ್ತದೆ.

ರಾತ್ರಿ ಊಟ ಮುಗಿಸಿ ಶಿಬಿರದ ಅಂಚಿನ ಹೊಂಡದ ಬಳಿ ಹೋಗಿ ಕುಳಿತೆವು. ನಡುವೆ ಗಿಡ್ಡನೆಯ ಕಲ್ಲುಗೋಡೆ, ಆಚೆ ದೀಪದ ಬೆಳಕಿನಲ್ಲಿ ಹೊಂಡ. ಬೆಂಚುಗಳ ಮೇಲೆ ಹತ್ತಾರು ದೇಶಗಳ ಜನರಿದ್ದರೂ ದೇವಸ್ಥಾನದಲ್ಲಿ ಮಂಗಳಾರತಿಗೆ ಮುಂಚೆ ಇರುವಂಥ ಮೌನ. ಒಂಬತ್ತೂವರೆಯ ಹೊತ್ತಿಗೆ ಕತ್ತಲೆಯೇ ಗಟ್ಟಿಯಾಗಿ ನಡೆದು ಬಂದಂತೆ ಒಂದು ಕಪ್ಪು ಘೇಂಡಾಮೃಗ ಬಂದಿತು, ಅದರ ಹಿಂದೆ ಮರಿ. ಜಿರಾಫೆಯೊಂದು ಮುಂಗಾಲುಗಳನ್ನು ಅಗಲಿಸಿ ಬಾಗುವುದಕ್ಕೆ ಐದು ನಿಮಿಷ ಹಿಂದೆ ಮುಂದೆ ನೋಡಿತು. ಬಾಗಿದ ಗಳಿಗೆಯಲ್ಲಿ ಸಿಂಹ ಬಂದರೆ ತಕ್ಷಣ ಏಳಲಾಗದು ಎಂಬುದು ಅದಕ್ಕೆ ಗೊತ್ತಿರಬೇಕು. ಯಜಮಾನರು ಹನ್ನೊಂದಕ್ಕೇ ಮಲಗಲು ಹೋದರು. ನಾನು ಒಂದರವರೆಗೆ ಕುಳಿತಿದ್ದೆ.

28 ಆಗಸ್ಟ್ 2024, ಬುಧವಾರ
ಹಲಾಲಿ, ಎಟೋಷಾ

ಎಟೋಷಾ ಎಂದರೆ ದೊಡ್ಡ ಬಿಳಿಯ ಜಾಗ ಎಂದು ಅರ್ಥವಂತೆ. ಇಂದು ಆ ಬಿಳುಪನ್ನು ಕಣ್ಣಾರೆ ಕಂಡೆ. ಸುಮಾರು 4,800 ಚದರ ಕಿಲೋಮೀಟರ್ ವಿಸ್ತಾರದ, 130 ಕಿಲೋಮೀಟರ್ ಉದ್ದದ ಉಪ್ಪಿನ ಬಯಲು. ಒಂದು ಕಾಲಕ್ಕೆ ಇದು ಸರೋವರವಾಗಿತ್ತೆಂದೂ ಅದನ್ನು ತುಂಬುತ್ತಿದ್ದ ಕುನೆನೆ ನದಿ ದಿಕ್ಕು ಬದಲಿಸಿ ಅಟ್ಲಾಂಟಿಕ್ ಕಡೆಗೆ ಹರಿದದ್ದರಿಂದ ಒಣಗಿತೆಂದೂ ಹೇಳುತ್ತಾರೆ. ಒಳ್ಳೆಯ ಮಳೆಯಾದ ವರ್ಷ ತೆಳುವಾಗಿ ನೀರು ನಿಂತು ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ಈಗ ಅಲ್ಲಿ ಬಿಸಿಲುಗುದುರೆಯ ಹೊರತು ಏನೂ ಇರಲಿಲ್ಲ.

ಬಯಲಿನ ದಕ್ಷಿಣದ ಅಂಚಿನಲ್ಲಿ ಸಾಲ್ವಡೋರಾ, ಸುಯೇಡಾ ಎಂಬ ಹೆಸರಿನ ಊಟೆಗಳಿವೆ. ಸುಣ್ಣಕಲ್ಲಿನ ಪದರದೊಳಗೆ ಇಳಿದು ಬಂದ ನೀರು, ಕೆಳಗೆ ಜೇಡಿಮಣ್ಣು ಅಡ್ಡವಾಗಿ ಮುಂದೆ ಹೋಗಲಾಗದೆ, ಅಂಚಿನಲ್ಲಿ ತಾನಾಗಿ ಜಿನುಗುತ್ತದೆ. ಇದು ಪ್ರಕೃತಿಯೇ ಮಾಡಿಕೊಂಡ ಏರ್ಪಾಡು. ಆದರೆ ನಾವು ಬೆಳಿಗ್ಗೆ ಮೊದಲು ನಿಂತ ಗೆಮ್ಸ್‌ಬಾಕ್‌ವ್ಲಾಕ್ಟೆಯ ಹೊಂಡ ಹಾಗಲ್ಲ. ಅದು ಕೊಳವೆಬಾವಿಯ ನೀರು. ನಮ್ಮ ಕಡೆ ಹೊಲದಲ್ಲಿ ಮೋಟರು ಕೂರಿಸಿ ತೊಟ್ಟಿಗೆ ನೀರು ಬಿಡುವಂತೆಯೇ ಇಲ್ಲಿ ಜೀಬ್ರಾಗಳಿಗೆ, ಆನೆಗಳಿಗೆ ನೀರು ಬಿಡುತ್ತಾರೆ. ಇದನ್ನು ತಿಳಿದಾಗ ಮೊದಲಿಗೆ ಸ್ವಲ್ಪ ನಿರಾಸೆಯಾಯಿತು ಎಂಬುದನ್ನು ಮುಚ್ಚಿಡಲಾರೆ. ಕಾಡುಪ್ರಾಣಿ ಕಾಡಿನ ನೀರನ್ನೇ ಕುಡಿಯಬೇಕೆಂಬ ಕಲ್ಪನೆಯನ್ನು ನಾನೇ ಕಟ್ಟಿಕೊಂಡು ಬಂದಿದ್ದೆ.

ಮಧ್ಯಾಹ್ನ ಗಾಡಿಯಲ್ಲೇ ಕುಳಿತು ಕೈಪಿಡಿ ಓದಿದ ಮೇಲೆ ಲೆಕ್ಕ ಅರ್ಥವಾಯಿತು. 1907ರಲ್ಲಿ ಜರ್ಮನ್ ಗವರ್ನರ್ ಫಾನ್ ಲಿಂಡೆಕ್ವಿಸ್ಟ್ ಇದನ್ನು ಬೇಟೆ ನಿಷೇಧಿತ ಪ್ರದೇಶವೆಂದು ಘೋಷಿಸಿದಾಗ ಇದರ ಎಲ್ಲೆ ಈಗಿನದಕ್ಕಿಂತ ಹಲವು ಪಟ್ಟು ದೊಡ್ಡದಾಗಿ ಕರಾವಳಿಯವರೆಗೂ ಹಬ್ಬಿತ್ತು. ಆಮೇಲೆ ಕುಗ್ಗುತ್ತ ಬಂದು ಈಗ ಉಳಿದಿರುವುದು 22,000 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. 1973ರ ಹೊತ್ತಿಗೆ ಅದಕ್ಕೆ ಸುತ್ತಲೂ ಬೇಲಿ ಬಂದಿತು. ಮಳೆ ಬಿದ್ದ ಕಡೆಗೆ ನೂರಾರು ಕಿಲೋಮೀಟರ್ ನಡೆದು ಹೋಗುತ್ತಿದ್ದ ಜೀಬ್ರಾ ಮತ್ತು ವಿಲ್ಡೆಬೀಸ್ಟ್ ಹಿಂಡುಗಳ ಕಾಲಿಗೆ ತಡೆ ಬಿದ್ದ ಮೇಲೆ, ನೀರನ್ನೇ ಅವು ಇದ್ದಲ್ಲಿಗೆ ತರಬೇಕಾಯಿತು. ಬೇಲಿ ಹಾಕಿದವರು ಬಾವಿಯನ್ನೂ ತೋಡಲೇಬೇಕು.

ಬೇಲಿಯ ಒಳಗಿದ್ದ ಮನುಷ್ಯರ ಕಥೆಯನ್ನು ಮಾತ್ರ ಕೈಪಿಡಿ ಎರಡೇ ಸಾಲಿನಲ್ಲಿ ಮುಗಿಸಿದೆ. ಈ ಹೊಂಡಗಳ ಸುತ್ತ ತಲೆಮಾರುಗಳಿಂದ ಬೇಟೆಯಾಡಿ ಬದುಕಿದ್ದ ಹೈಓಮ್ ಸಾನ್ ಜನರನ್ನು 1954ರಲ್ಲಿ ಉದ್ಯಾನದಿಂದ ಹೊರಹಾಕಲಾಯಿತು. ನಾಗರಹೊಳೆಯ ಜೇನುಕುರುಬರ ಹಾಡಿಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತ ಬಂದಿರುವ ನನಗೆ ಇದು ದೂರದ ದೇಶದ ಮಾತೆನಿಸಲಿಲ್ಲ.

ಸಂಜೆ ಒಂದು ಸಂತೋಷ ಕಾದಿತ್ತು. ರಸ್ತೆಯ ಪಕ್ಕದ ಒಣಹುಲ್ಲಿನಲ್ಲಿ ಕೋರಿ ಬಸ್ಟರ್ಡ್ ಹಕ್ಕಿಯೊಂದು ಹಳೆಯ ಕಾಲದ ಹೆಡ್‌ಮಾಸ್ತರರ ಗತ್ತಿನಲ್ಲಿ ಹೆಜ್ಜೆ ಎಣಿಸುತ್ತ ಸಾಗಿತ್ತು. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಪೈಕಿ ಇದೂ ಒಂದು. ನಮ್ಮ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇದರದೇ ಕುಲದ ದಾಯಾದಿ. ನಮ್ಮೂರು ರಾಣೆಬೆನ್ನೂರು. ಅಲ್ಲಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಎರೆಭೂತ ಇದ್ದ ಕಾಲವನ್ನು ಹಿರಿಯರು ಹೇಳುತ್ತಿದ್ದರು. ನಾನು ಅಲ್ಲಿ ಕಂಡದ್ದು ನೀಲಗಿರಿ ಮರಗಳ ಸಾಲನ್ನು. ಈಗ ಕರ್ನಾಟಕದಲ್ಲಿ ಆ ಹಕ್ಕಿ ಉಳಿದಿರುವುದು ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಈ ದೇಶದಲ್ಲಿ ಒಂದೇ ಸಂಜೆ ಮೂರು ಬಸ್ಟರ್ಡ್‌ಗಳನ್ನು ನೋಡಿದೆ.

ಶಿಬಿರಕ್ಕೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು. ಈ ವರ್ಷದ ಬರ ಎಷ್ಟು ತೀವ್ರವಾಗಿದೆಯೆಂದರೆ ಮೇ ತಿಂಗಳಲ್ಲೇ ತುರ್ತುಪರಿಸ್ಥಿತಿ ಘೋಷಣೆಯಾಗಿದೆ, ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಹಾರದ ಅಭಾವವಿದೆ. ಮೊನ್ನೆ ಸರ್ಕಾರ 723 ಕಾಡುಪ್ರಾಣಿಗಳನ್ನು ಕೊಂದು ಮಾಂಸವನ್ನು ಜನರಿಗೆ ಹಂಚುವ ತೀರ್ಮಾನ ಪ್ರಕಟಿಸಿದೆ: 300 ಜೀಬ್ರಾ, 100 ವಿಲ್ಡೆಬೀಸ್ಟ್, 100 ಇಲಾಂಡ್, 83 ಆನೆ, 60 ಕಾಡೆಮ್ಮೆ, 50 ಇಂಪಾಲಾ, 30 ನೀರಾನೆ. ಇವುಗಳನ್ನು ಕೊಲ್ಲಲಿರುವ ಉದ್ಯಾನಗಳ ಪಟ್ಟಿಯಲ್ಲಿ ಎಟೋಷಾ ಇಲ್ಲ, ನಾವು ಮುಂದೆ ಹೋಗಲಿರುವ ನಮಿಬ್-ನೌಕ್ಲುಫ್ಟ್ ಇದೆ.

ಆನೆಯ ಸಂಖ್ಯೆಯನ್ನು ಓದಿ ನನ್ನ ಮುಖ ಬಾಡಿದ್ದನ್ನು ಊಟದ ಮನೆಯಲ್ಲಿ ಬಡಿಸುತ್ತಿದ್ದ ಹುಡುಗ ಗಮನಿಸಿದ. ಅವನದು ಉತ್ತರದ ಹಳ್ಳಿ. ಮನೆಯಲ್ಲಿದ್ದ ದನಗಳಲ್ಲಿ ಅರ್ಧ ಸತ್ತಿವೆಯೆಂದು, ಯಾವ ದೂರಿನ ದನಿಯೂ ಇಲ್ಲದೆ ಹೇಳಿದ. ನಿಮ್ಮ ದೇಶದಲ್ಲಿ ಬರ ಬಂದರೆ ಏನು ಮಾಡುತ್ತೀರಿ ಎಂದೂ ಕೇಳಿದ. ಕಳೆದ ವರ್ಷವಷ್ಟೇ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ್ದರು. ಮೇವಿನ ಬ್ಯಾಂಕು, ಗೋಶಾಲೆ, ಗುಳೆ ಹೋಗುವುದು ಎಲ್ಲವನ್ನೂ ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ಗುಳೆ ಎಂದರೆ ಏನೆಂದು ಅವನಿಗೆ ಬೇಗ ತಿಳಿಯಿತು. ದಿನಕ್ಕೆ ನೂರೈವತ್ತು ಲೀಟರಿಗೂ ಹೆಚ್ಚು ನೀರು ಕುಡಿಯುವ ಆನೆ ಒಣಗಿದ ಹಳ್ಳಿಯ ಕೈಪಂಪಿನ ಬಳಿ ಬಂದು ನಿಂತರೆ ಏನಾಗುತ್ತದೆಂಬುದನ್ನು ಅವನು ವಿವರಿಸಿದ ಮೇಲೆ, ಆ ತೀರ್ಮಾನ ಸರಿಯೆಂದು ಒಪ್ಪಲು ಮನಸ್ಸು ಬರದಿದ್ದರೂ ತಪ್ಪೆಂದು ಹೇಳುವ ಬಾಯಿಯೂ ನನಗಿರಲಿಲ್ಲ.

30 ಆಗಸ್ಟ್ 2024, ಶುಕ್ರವಾರ
ಸ್ವಾಕೊಪ್‌ಮುಂಡ್

ನಿನ್ನೆ ಬರೆಯಲಾಗಲಿಲ್ಲ. ಜಲ್ಲಿರಸ್ತೆಯಲ್ಲಿ ಟೈರು ಪಂಕ್ಚರಾಗಿ, ಬಾಡಿಗೆ ಗಾಡಿಯಲ್ಲಿ ಕೊಟ್ಟಿದ್ದ ಜಾಕು ಮಣ್ಣಿನಲ್ಲಿ ಹೂತುಹೋಗಿ, ಎರಡು ತಾಸು ಬಿಸಿಲಿನಲ್ಲಿ ನಿಂತದ್ದೇ ನಿನ್ನೆಯ ಕಥೆ. “ಅವ್ವಾ, ನೀ ಒಳಗ ಕೂಡು” ಎಂದು ಮಗ ಹತ್ತು ಸಲ ಹೇಳಿದ.

ಇಂದು ಕೇಪ್ ಕ್ರಾಸ್‌ನ ಸೀಲ್ ಅಭಯಾರಣ್ಯ ನೋಡಿದೆವು. ಕಾಣುವ ಮೊದಲು ಅದು ಮೂಗಿಗೆ ತಿಳಿಯುತ್ತದೆ. ಸಾವಿರಾರು ಸೀಲ್‌ಗಳು ಬಂಡೆಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು, ಕುರಿ ಸಂತೆಯಲ್ಲಿ ಕೇಳುವಂತಹ ದನಿಯಲ್ಲಿ ಅರಚುತ್ತಿದ್ದವು. ಸತ್ತ ಮರಿಗಾಗಿ ನರಿಗಳು ಅಂಚಿನಲ್ಲಿ ಸುಳಿಯುತ್ತಿದ್ದವು. ಪ್ರತಿವರ್ಷ ಜುಲೈಯಿಂದ ನವೆಂಬರ್‌ವರೆಗೆ, ಪ್ರವಾಸಿಗರು ಬರುವ ಮೊದಲು ನಸುಕಿನಲ್ಲಿ, ಸರ್ಕಾರದ ಪರವಾನಗಿಯೊಂದಿಗೆ ಇಲ್ಲಿ ಸೀಲ್‌ಗಳನ್ನು ಕೊಲ್ಲುವುದೂ ಇದೆ. ಆನೆಯ ವಿಷಯಕ್ಕೆ ಬಂದ ದುಃಖ ಇಲ್ಲಿ ಅಷ್ಟಾಗಿ ಬರಲಿಲ್ಲ. ಬಹುಶಃ ವಾಸನೆಯೇ ಕಾರಣವಿರಬೇಕು; ನನ್ನ ಕರುಣೆಯ ಯೋಗ್ಯತೆ ಅಷ್ಟೇ.

ಎದುರಿನ ಕಡಲಿನಲ್ಲಿ ದಕ್ಷಿಣದಿಂದ ಬರುವ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರ ತಂಪಿಗೆ ಮೋಡ ಮೇಲೇರಿ ಮಳೆಯಾಗದೆ ಕರಾವಳಿ ಮರುಭೂಮಿಯಾಗಿದೆ; ಅದೇ ತಂಪು ನೀರಿನಲ್ಲಿ ಮೀನು ಹೇರಳವಾಗಿರುವುದರಿಂದ ಸೀಲ್‌ಗಳು ಬದುಕಿವೆ; ಅದೇ ತಂಪಿನಿಂದ ಹುಟ್ಟುವ ಮಂಜು ಒಳನಾಡಿಗೆ ತೇಲಿಹೋಗಿ, ಮರಳದಿಬ್ಬದ ನೆತ್ತಿಯಲ್ಲಿ ತಲೆ ತಗ್ಗಿಸಿ ನಿಲ್ಲುವ ಒಂದು ಬಗೆಯ ಜೀರುಂಡೆಯ ಬೆನ್ನಿನ ಮೇಲೆ ಹನಿಗಟ್ಟಿ ಅದರ ಬಾಯಿಗೆ ಇಳಿಯುತ್ತದೆ. ಮಳೆಯನ್ನು ಕಿತ್ತುಕೊಂಡ ಕಡಲೇ ಹನಿ ಹನಿಯಾಗಿ ಸ್ವಲ್ಪ ಹಿಂದಿರುಗಿಸುತ್ತಿದೆ. ಸಂಜೆ ಊರಿನ ಮೇಲೆ ಆ ಮಂಜು ಕವಿದಾಗ ನನ್ನ ಕನ್ನಡಕ ಒದ್ದೆಯಾಯಿತು.

1 ಸೆಪ್ಟೆಂಬರ್ 2024, ಭಾನುವಾರ
ಸೆಸ್‌ರೀಮ್, ನಮಿಬ್-ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನ

ಉದ್ಯಾನದ ಒಳಗೆ ತಂಗಿದವರಿಗೆ ಸೂರ್ಯೋದಯಕ್ಕಿಂತ ಮೊದಲೇ ಹೊರಡಲು ಬಿಡುತ್ತಾರೆ. ಕೆಂಪು ಮರಳಿನ ದಿಬ್ಬಗಳ ನಡುವೆ 60 ಕಿಲೋಮೀಟರ್ ಡಾಂಬರು ರಸ್ತೆ, ಕೊನೆಯ ಕೆಲವು ಕಿಲೋಮೀಟರ್ ಮರಳಿನಲ್ಲಿ ಬೇರೆ ಗಾಡಿ, ಆಮೇಲೆ ಕಾಲ್ನಡಿಗೆ. ಡೆಡ್‌ವ್ಲೈ ಎಂಬ ಬಿಳಿಯ ಜೇಡಿನೆಲದಲ್ಲಿ ಸತ್ತ ಮರಗಳು ನಿಂತಿವೆ. ಅವು ನಮ್ಮ ಕರಿಜಾಲಿಯ ಕುಲದವು. ತ್ಸಾವ್‌ಚಬ್ ನದಿಯ ನೀರು ಇಲ್ಲಿಗೆ ಬಂದು ನಿಲ್ಲುತ್ತಿದ್ದಾಗ ಚಿಗುರಿದವು, ಮರಳದಿಬ್ಬ ಸರಿದು ನೀರಿನ ದಾರಿಗೆ ಅಡ್ಡ ಬಂದಾಗ ಸತ್ತವು. ಅದಾಗಿ 600 ರಿಂದ 700 ವರ್ಷಗಳಾದುವು ಎನ್ನುತ್ತಾರೆ, ಅಂದರೆ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರ ಏಳುತ್ತಿದ್ದ ಆಸುಪಾಸಿನ ಕಾಲ. ಕೊಳೆಯಲು ಬೇಕಾದ ತೇವವೂ ಇಲ್ಲದ್ದರಿಂದ ಅವು ಇನ್ನೂ ಬಿದ್ದಿಲ್ಲ.

ಮರಳುವಾಗ ದಿಬ್ಬದ ನೆರಳಿನಲ್ಲಿ ಒಂಟಿ ಗೆಮ್ಸ್‌ಬಾಕ್ ನಿಂತಿತ್ತು. ನೀರು ಕುಡಿಯದೆ ಬಹುಕಾಲ ಇರಬಲ್ಲ ಪ್ರಾಣಿ ಅದು. ಮೈಯ ಶಾಖ ಏರಿದರೂ ಮಿದುಳಿಗೆ ಹೋಗುವ ನೆತ್ತರನ್ನು, ಮೂಗಿನಲ್ಲಿ ತಂಪಾಗಿ ಬಂದ ನೆತ್ತರಿನಿಂದ ತಂಪು ಮಾಡಿ ಕಳಿಸುವ ಸೂಕ್ಷ್ಮ ರಕ್ತನಾಳಗಳ ಜಾಲ ಅದಕ್ಕಿದೆ. ಈ ದೇಶದ ಲಾಂಛನದಲ್ಲಿ ಅದನ್ನು ಇರಿಸಿರುವುದು ಸರಿಯಾಗಿಯೇ ಇದೆ.

ಸಂಜೆ ಶಿಬಿರದ ಹತ್ತಿರದ ಕಮರಿಗೆ ಇಳಿದೆವು. ತ್ಸಾವ್‌ಚಬ್ ನದಿಯೇ ಲಕ್ಷಾಂತರ ವರ್ಷ ಕೊರೆದ ಕಿರಿದಾದ ಕಮರಿ ಅದು, ಆಳ ಸುಮಾರು 30 ಮೀಟರ್. ಸೆಸ್‌ರೀಮ್ ಎಂದರೆ ಆರು ಚರ್ಮದ ಬಾರು, ನಮ್ಮ ಮಾತಿನಲ್ಲಿ ಆರು ಮಿಣಿ ಎಂದರ್ಥ. ಹಿಂದೆ ಇಲ್ಲಿ ಬಂದು ನೆಲೆಸಿದವರು ಎತ್ತಿನ ಬಾರುಗಳನ್ನು ಒಂದಕ್ಕೊಂದು ಗಂಟು ಹಾಕಿ ಬಕೆಟ್ ಇಳಿಬಿಟ್ಟಾಗ, ನೀರು ಮುಟ್ಟಲು ಆರು ಬಾರು ಬೇಕಾದುವಂತೆ.

ಯಜಮಾನರಿಗೆ ಕೂಡಲೇ ಎತ್ತು ಕಟ್ಟಿ ನೀರೆತ್ತುತ್ತಿದ್ದ ತಮ್ಮ ಹೊಲದ ಕಪಿಲೆ ಬಾವಿ ನೆನಪಾಯಿತು. ಮಿಣಿ ಒಣಗಿ ಬಿರುಕು ಬಿಡದಂತೆ ಎಣ್ಣೆ ಸವರುತ್ತಿದ್ದದ್ದನ್ನೂ, ಬಾವಿ ಬತ್ತಿದ ವರ್ಷ ಮಿಣಿ ಸಾಲದೆ ಪಕ್ಕದ ಹೊಲದವರಿಂದ ಎರವಲು ತಂದದ್ದನ್ನೂ ಹೇಳುತ್ತ ಕಮರಿಯ ಗೋಡೆಯನ್ನು ಕಣ್ಣಿನಿಂದಲೇ ಅಳೆದರು. ಆರು ಸಾಕಾಗುವುದಿಲ್ಲ, ಎಂಟು ಬೇಕು ಎಂಬುದು ಅವರ ತೀರ್ಪು. ತಳದಲ್ಲಿ ಈಗ ನೀರಿರಲಿಲ್ಲ. ಬಂಡೆಯ ಸಂದಿಯಲ್ಲಿ ಅಂಗೈಯಗಲದ ಹಸಿ ಮಣ್ಣು, ಅದರ ಸುತ್ತ ಹಕ್ಕಿಗಳ ಹೆಜ್ಜೆಗುರುತು.