ಕರಗ ಬರುವ ಬಾಗಿಲು

ಮುದ್ದುರಾಜನ ಕೇರಿ ಜನರ ಬಾಯಲ್ಲಿ ಸವೆದು ಮಡಿಕೇರಿಯಾಯಿತು. ಹಾಲೇರಿ ವಂಶದ ಮುದ್ದುರಾಜ ಇಲ್ಲಿ ಕೋಟೆ ಕಟ್ಟಿ ರಾಜಧಾನಿ ಮಾಡಿಕೊಂಡದ್ದು 1681ರಲ್ಲಿ. 2031ಕ್ಕೆ ಊರಿಗೆ 350 ತುಂಬುತ್ತದೆ. ಆಗ ಕಮಾನು, ಶಾಲು, ಭಾಷಣ ಎಲ್ಲ ಇರಲಿ. ಊರಿನ ನಿಜವಾದ ವರ್ಧಂತಿಯಂತೂ ಪ್ರತಿವರ್ಷ ಮಹಾಲಯ ಅಮಾವಾಸ್ಯೆಯ ಮರುದಿನ ಪಂಪಿನಕೆರೆಯ ದಡದಲ್ಲೇ ಶುರುವಾಗುತ್ತದೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ, ಈ ನಾಲ್ವರು ಶಕ್ತಿದೇವತೆಯರ ಕರಗಗಳು, ಅಂದರೆ ತಲೆಯ ಮೇಲೆ ಹೊರುವ ಹೂವಿನಲಂಕಾರದ ಕಲಶಗಳು, ಅಲ್ಲಿ ಪೂಜೆಗೊಂಡು ದಸರೆಯ ನಗರ ಪ್ರದಕ್ಷಿಣೆಗೆ ಹೊರಡುತ್ತವೆ. ಹಿಂದೆ ಊರಿಗೆ ರೋಗ ಬಡಿದಾಗ ಹೊತ್ತ ಹರಕೆಯಿದು ಎನ್ನುತ್ತಾರೆ ಹಿರಿಯರು. ಶತ್ರುವನ್ನು ತಡೆಯಲು ಅರಸ ಕೋಟೆ ಕಟ್ಟಿದ. ಕೋಟೆ ತಡೆಯಲಾರದ್ದನ್ನು ಅಮ್ಮನಿಗೆ ಬಿಟ್ಟರು.

ಕರಗ ಮನೆಮುಂದೆ ಬರುವುದೆಂದರೆ ಅಂಗಳವೇ ಗರ್ಭಗುಡಿಯಾಗುವ ಗಳಿಗೆ. ಹಾಗಾಗಿ ತಯಾರಿ ಅಂಗಳದಿಂದಲೇ ಆಗಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಮಡಿಕೇರಿಯ ಕಲ್ಲು, ಸಿಮೆಂಟು, ಮೆಟ್ಟಿಲು ಎಲ್ಲದರ ಮೇಲೂ ಪಾಚಿ ಕಟ್ಟಿರುತ್ತದೆ. ಕರಗ ಹೊತ್ತವರು ಬರಿಗಾಲಿನವರು, ತಲೆಯ ಮೇಲಿನ ಭಾರ ಬಿಟ್ಟು ಕೆಳಗೆ ನೋಡುವಂತಿಲ್ಲ. ಎರಡು ದಿನ ಮೊದಲೇ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿ ಚೆನ್ನಾಗಿ ತೊಳೆಯಬೇಕು. ಅದೇ ಸಂಜೆ ತೊಳೆದರೆ ನೆಲ ಒದ್ದೆಯಾಗಿಯೇ ಉಳಿದು ಇನ್ನಷ್ಟು ಜಾರುತ್ತದೆ. ಕಾರು ಬೈಕುಗಳನ್ನು ಮಧ್ಯಾಹ್ನವೇ ಬದಿಗೆ ಸರಿಸಿ, ನಾಯಿಯನ್ನು ಹಿಂದೆ ಕಟ್ಟಿರಿ.

ರಂಗೋಲಿಯ ಒಣಪುಡಿಯನ್ನು ಒಂದು ಜಡಿಮಳೆ ಸಾಕು, ಚರಂಡಿಗೆ ಒಯ್ದುಬಿಡುತ್ತದೆ. ಒಂದು ಲೋಟ ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದು, ದೋಸೆಹಿಟ್ಟಿಗಿಂತ ತುಸು ತೆಳ್ಳಗೆ ಮಾಡಿ, ಸೂರಿನಡಿಯಲ್ಲಿ ಬೆರಳಿನಿಂದ ಬರೆಯಿರಿ. ಒಣಗಿದ ಮೇಲೆ ನೆಲಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಕಾಲಿಡುವ ದಾರಿಯಲ್ಲಿ ಮಾತ್ರ ಬೇಡ, ನೆಂದರೆ ಅದೂ ಜಾರುತ್ತದೆ.

ತಟ್ಟೆಗೆ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಎರಡು ವೀಳ್ಯದೆಲೆ, ಒಂದು ಅಡಿಕೆ, ಅರಿಶಿನ, ಕುಂಕುಮ, ಬಿಡಿಹೂ. ಇಷ್ಟು ಸಾಕು. ಹಣ್ಣಿನ ಬುಟ್ಟಿ ಜೋಡಿಸಿ ಫೋಟೋ ತೆಗೆಯುತ್ತ ನಿಂತರೆ ಮುಂದಿನ ಮನೆಯವರು ರಾತ್ರಿಯೆಲ್ಲ ಕಾಯಬೇಕಾಗುತ್ತದೆ. ಕೈಕೊಡುವುದು ಸಾಮಾನ್ಯವಾಗಿ ಬೆಂಕಿಯೇ. ಇಲ್ಲಿನ ತೇವಕ್ಕೆ ಹತ್ತಿಬತ್ತಿ ಮೆತ್ತಗಾಗಿ ಚಿಟಿಚಿಟಿ ಎಂದು ಆರುತ್ತದೆ. ಹಿಂದಿನ ರಾತ್ರಿಯೇ ಬತ್ತಿಗಳನ್ನು ತುಪ್ಪದಲ್ಲಿ ಅದ್ದಿ ಮುಚ್ಚಿಡಿ. ಕರ್ಪೂರದ ಡಬ್ಬಿಯೊಳಗೆ ನಾಲ್ಕು ಕಾಳುಮೆಣಸು ಹಾಕಿ ಬಿಗಿಯಾಗಿ ಮುಚ್ಚಿ. ಕರ್ಪೂರ ಆವಿಯಾಗದಿರಲೆಂದು ಅಜ್ಜಿಯಂದಿರು ಮಾಡುತ್ತಿದ್ದ ಉಪಾಯವಿದು, ಮೆಣಸಿಗಂತೂ ಕೊಡಗಿನಲ್ಲಿ ಬರವಿಲ್ಲ.

ಕರಗ ನಿಂತಾಗ ಮೊದಲು ಹೊತ್ತವರ ಪಾದಕ್ಕೆ ಅರಿಶಿನದ ನೀರು, ಆಮೇಲೆ ಆರತಿ. ಜ್ವಾಲೆ ಕರಗದ ಹೂವಿನಿಂದ ದೂರವಿರಲಿ. ಕಾಯಿಯನ್ನು ದಾರಿಯ ನಡುವೆ ಒಡೆಯಬೇಡಿ, ಚಿಪ್ಪಿನ ಚೂರು ಅಂಗಾಲಿಗೆ ಹೊಕ್ಕರೆ ಅವರು ಇನ್ನೂ ಎಷ್ಟೋ ಬೀದಿ ನಡೆಯಬೇಕು.

ಕಾಯಿ ಒಡೆಯುವ ಆಸೆ ತೀರಲು ಕೋಟೆ ಗಣಪತಿ ಇದ್ದಾನೆ. ಈಡುಗಾಯಿ ಹರಕೆಗೆ ಹೆಸರಾದವನು. ಅಲ್ಲಿಗೆ ಜುಟ್ಟನ್ನೂ ಬಿಡದೆ ಪೂರ್ತಿ ನಾರು ತೆಗೆದ ಕಾಯಿ ಒಯ್ಯಿರಿ, ನಾರು ಉಳಿದರೆ ಪೆಟ್ಟು ಮೆತ್ತಗಾಗಿ ಕಾಯಿ ಪುಟಿಯುತ್ತದೆ. ಅಲ್ಲಾಡಿಸಿದಾಗ ನೀರು ಕುಲುಕಬೇಕು, ಕಣ್ಣಿನ ಹತ್ತಿರ ತೇವವಾಗಲಿ ಬೂಷ್ಟಾಗಲಿ ಇರಬಾರದು. ಕೊಬ್ಬರಿಯಾಗುತ್ತಿರುವ ಕಾಯಿ ಚೂರುಚೂರಾಗಿ ಸಿಡಿಯುವುದಿಲ್ಲ.

ಕರಗ ಮುಂದಿನ ಮನೆಗೆ ಸಾಗಿದ ಮೇಲೆ ತಟ್ಟೆಯಲ್ಲಿ ಉಳಿದ ಅರಿಶಿನದ ನೀರನ್ನು ರಸ್ತೆಗೆ ಚೆಲ್ಲದೆ ತುಳಸಿಕಟ್ಟೆಯ ಹೊರಬದಿಯ ಗಿಡದ ಬುಡಕ್ಕೆ ಹಾಕುವುದು ವಾಡಿಕೆ. ದೀಪವನ್ನು ಆರಿಸಬೇಡಿ, ಡೊಳ್ಳಿನ ಸದ್ದು ಕೇಳುವಷ್ಟು ಹೊತ್ತು ಹೊಸಿಲ ಬಳಿಯೇ ಉರಿಯಲಿ.