ಏಳೆಂಟ್ಲೆ ಎಷ್ಟು? ಮ್ಯಾಂಚೆಸ್ಟರಿಂದ ಬ್ರಹ್ಮಪುರದ ಪಡಸಾಲಿ ತನಕ

ಎಲ್ಲಾರಿಗೂ ಶರಣು. ಊರಾಗಿನ ಗೆಳತಿಯರು ಫೋನ್ ಮಾಡಿದಾಗೆಲ್ಲ ಒಂದೇ ಮಾತು ಕೇಳ್ತಾರ, ನಿಮ್ಮ ಇಂಗ್ಲೆಂಡಿನಾಗ ಮಕ್ಕಳಿಗಿ ಮ್ಯಾಥ್ಸ್ ಹೆಂಗ ಕಲಸ್ತಾರ, ನಮ್ಮ ಹುಡುಗ ಮೂರನೇತ್ತೆ ಅದಾನ ಇನ್ನಾ ಬೆರಳ ಎಣಸ್ತಾನ, ಅಬಾಕಸ್ ಕ್ಲಾಸಿಗಿ ಹಾಕ್ಲೇನು ಅಂತ. ಒಬ್ಬೊಬ್ಬರಿಗಿ ಹೇಳೋದಕಿಂತ ಇಲ್ಲೇ ಬರೀತೀನಿ, ಯಾಕಂದ್ರ ನನ್ನ ಮಗನಿಗಿ ಮಗ್ಗಿ ಬಂದಿದ್ದು ಇಲ್ಲಿ ಅಲ್ಲ, ಕಲಬುರಗಿ ಬ್ರಹ್ಮಪುರದಾಗ ನಮ್ಮವ್ವನ ಮನ್ಯಾಗ.

ಮೊದಲು ಇಲ್ಲಿ ಪದ್ಧತಿ ಹೇಳ್ತೀನಿ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಾಗ ಇಯರ್ 4 ಅಂದ್ರ 8-9 ವರ್ಷದ ಮಕ್ಕಳಿಗಿ ಜೂನ್ ತಿಂಗಳಾಗ ಮಗ್ಗಿ ಪರೀಕ್ಷೆ ಇರ್ತದ. ಕಂಪ್ಯೂಟರ್ ಇಲ್ಲಾ ಟ್ಯಾಬ್ ಮುಂದ ಕೂಡಸ್ತಾರ, 25 ಪ್ರಶ್ನೆ, 12ರ ಮಗ್ಗಿ ತನಕ, ಒಂದೊಂದಕ್ಕ 6 ಸೆಕೆಂಡು ಅಷ್ಟೇ. ಪಾಸು ಫೇಲು ಅಂತ ಏನಿಲ್ಲ, ಖರೇ ಹೇಳ್ಬೇಕಂದ್ರ ಅದು ಎಷ್ಟು ಕಲ್ತಾರ ನೋಡೋದಕ್ಕ ಮಾಡಿದ್ದು. ಆದ್ರ 6 ಸೆಕೆಂಡು ಅಂತ ಕೇಳಿದ್ದೇ ನನಗ ಕೈಕಾಲು ತಣ್ಣಗಾದ್ವು.

ಮಗ ಇಯರ್ 3 ಇದ್ದಾಗಿಂದೇ ರಾತ್ರಿ ಊಟ ಆದ ಮ್ಯಾಲೆ ಮೊಬೈಲ್ ಟೈಮರ್ ಹಚ್ಚಿ ಕೇಳಲಿಕ್ಕೆ ಶುರು ಮಾಡಿದೆ. ಸೆವೆನ್ ಎಯ್ಟ್ಸ್? ಅಂದ ಕೂಡ್ಲೆ ಹುಡುಗ ನನ್ನ ಮಾರಿ ನೋಡ್ತಿದ್ದ, ಉತ್ತರ ಹುಡುಕ್ತಿದ್ದಿಲ್ಲ, ನಾ ಸಿಟ್ಟಾಗ್ತೀನೇನು ಅಂತ ನೋಡ್ತಿದ್ದ. ಸ್ವಲ್ಪ ದಿನಕ್ಕ ಮುಂಜಾನೆ ಹೊಟ್ಟಿ ನೋವು ಅನ್ಲಿಕ್ಕತ್ತಿದ. ಆ ಟೈಮರ್ ನಾ ಹಚ್ಚಬಾರದಿತ್ತು, ಈಗಲೂ ನೆನಸಿದ್ರ ಸಂಕಟ ಆಗ್ತದ.

ಹೋದ ವರ್ಷ ಆಗಸ್ಟಿಗಿ ಊರಿಗಿ ಬಂದೀವಿ. ಅವ್ವಗ ಎಲ್ಲಾ ಹೇಳಿದೆ, ಅಕಿ ಏನೂ ಅನ್ಲಿಲ್ಲ, ಒಂದು ಸೀಮೆಸುಣ್ಣ ತಗೊಂಡು ಮೊಮ್ಮಗನ್ನ ಪಡಸಾಲ್ಯಾಗ ಕೂಡಿಸಿದಳು. ನಮ್ಮ ಪಡಸಾಲಿಗಿ ಹಳೇ ಶಹಾಬಾದಿ ಪರ್ಸಿ ಹಾಸ್ಯಾರ, ಅಡ್ಡ 8, ಉದ್ದ 7. ಬಾಗಲ ಕಡಿ ಮೂಲ್ಯಾಗ ಒಂದು ಕಲ್ಲು ಮಾತ್ರ ಅರ್ಧ, ಹೊಸ್ತಿಲ ಕೂಡಿಸುವಾಗ ಕಡಿದಿದ್ದು. ಅವ್ವ ಐದನೇ ಸಾಲಿನ ಕೆಳಗ ಗೆರಿ ಹೊಡದಳು. ಮ್ಯಾಲಿನವು ಎಷ್ಟು? ಐದೆಂಟ್ಲೆ 40. ಕೆಳಗಿನವು? ಎರಡೆಂಟ್ಲೆ 16. ಕೂಡಿಸಪ್ಪ ಅಂದಳು. ಹುಡುಗ ಮಂಡಿ ಮ್ಯಾಲೆ ಅಡ್ಡಾಡಿ ಅಡ್ಡಾಡಿ ಕಲ್ಲು ಮುಟ್ಟಿ ಎಣಸಿ ಖಾತ್ರಿ ಮಾಡಿಕೊಂಡ, ತಣ್ಣನ ಕಲ್ಲು, ಅಂಗೈಗೆಲ್ಲ ಸುಣ್ಣ. ಏಳೆಂಟ್ಲೆ ಅನ್ನೋದು ಒಂದು ಜಾಗ, ಅದರ ಮ್ಯಾಲೆ ಕೂಡಬಹುದು, ಮುರದು ಎರಡು ತುಂಡು ಮಾಡಬಹುದು ಅಂತ ಅವತ್ತೇ ಅವನಿಗಿ ತಿಳೀತು. ಮರುದಿನ ಮೊರದಾಗ ತೊಗರಿಬ್ಯಾಳಿ ಹರವಿ ಸಾಲು ಮಾಡ್ತಿದ್ದ, ಆರು ಸಾಲು ಒಂಬತ್ತು, ಆಮ್ಯಾಲೆ ಮೊರ ತಿರುಗಿಸಿ ಒಂಬತ್ತು ಸಾಲು ಆರು, ಅಜ್ಜಿ ಎರಡೂ ಅದೇ ಅದ ಅಂತ ಒದರಿದ!

ಈ ತಿರುಗಿಸೋದು ಒಂದು ಹೊಳೀತಂದ್ರ ಮಗ್ಗಿ ಅರ್ಧ ಕಮ್ಮಿ ಆಗ್ತದ ನೋಡ್ರಿ. 1, 2, 5, 10 ಹೆಂಗೂ ಸಲೀಸು, 4 ಅಂದ್ರ 2ರ ದುಪ್ಪಟ್ಟು, 3 ಅಂದ್ರ 2ರ ಮ್ಯಾಲೆ ಇನ್ನೊಂದು ಸಾಲು. ಹಂಗ ಹಿಡ್ಕೊಂಡು ಹೋದ್ರ 10ರ ಒಳಗ ನಿಜಕ್ಕೂ ತ್ರಾಸ ಕೊಡೋವು 6, 7, 8, 9 ತಮ್ಮ ತಮ್ಮೊಳಗ ಗುಣಿಸಿದ 10 ಲೆಕ್ಕ ಅಷ್ಟೇ. ದಿನಕ್ಕ ಒಂದು ಕಲ್ತರೂ ಹತ್ತು ದಿನ. ಬಾಯಿಪಾಠ ಬ್ಯಾಡ ಅಂತ ನಾ ಅನ್ನಲ್ಲ, ಬೇಕೇ ಬೇಕು, ಅದಿಲ್ಲಂದ್ರ ಮುಂದ ಭಾಗಾಕಾರಕ್ಕ ಬಂದಾಗ ಮಕ್ಕಳು ಅಲ್ಲೇ ಸಿಗಬೀಳ್ತಾರ, ಆದ್ರ ಕೈಗಿ ಸಿಕ್ಕ ಮ್ಯಾಲೆ ಬಾಯಿಗಿ ಬರ್ಬೇಕು. ಬೆರಳ ಎಣಸಿದ್ರ ಎಣಸ್ಲಿ ಬಿಡ್ರಿ, ಬೈದು ಬಿಡಸಬ್ಯಾಡ್ರಿ, ಅದು ತಾನೇ ಉದುರಿ ಹೋಗ್ತದ.

ಇನ್ನೊಂದು ಅಂದ್ರ ನಮ್ಮ ಭಾಷೆ. ಮಗ ಸಣ್ಣವಿದ್ದಾಗ ಫೋರ್ಟೀನ್ ಅಂದ್ರ 41 ಬರೀತಿದ್ದ, ಯಾಕಂದ್ರ ಕಿವಿಗಿ ಮೊದಲು ಫೋರ್ ಬೀಳ್ತದ. ಕನ್ನಡದಾಗ ಹದಿ ಮೊದಲು, ನಾಲ್ಕು ಆಮ್ಯಾಲೆ, ಬರಿಯೋದೂ ಹಂಗೇ. ಅದಕ್ಕ ಊರಾಗಿನವರು ಇಂಗ್ಲಿಷ್ ಮೀಡಿಯಮ್ ಅಂತ ಕನ್ನಡ ಎಣಿಕೆ ಬಿಡಸ್ಯಾರಲ್ಲ, ನನಗ ಭಾಳ ಬ್ಯಾಸರ ಆಗ್ತದ. ಸಂತ್ಯಾಗ ದೀಡ (ಒಂದೂವರಿ) ಕಿಲೋ ಬದನಿಕಾಯಿ, ಪಾವ್ (ಕಾಲು) ಕಿಲೋ ಮೆಣಸಿನಕಾಯಿ ಅಂತೀವಿ, ಕಿಲೋ 40 ರೂಪಾಯಿ ಇದ್ರ ದೀಡ ಕಿಲೋಕ್ಕ ಎಷ್ಟಪ್ಪ ಅಂತ ಹುಡುಗರನ್ನೇ ಕೇಳ್ರಿ, ಭಿನ್ನರಾಶಿ ಚೀಲದಾಗೇ ಅದ.

ನಮ್ಮಜ್ಜಗ 16ರ ಮಗ್ಗಿ ನಿದ್ದಿಗಣ್ಣಾಗೂ ಬರ್ತಿತ್ತಂತ, ನಿಜಾಮನ ಕಾಲದಾಗ ರೂಪಾಯಿಗಿ 16 ಆಣೆ ಇದ್ವಲ್ಲ. ಇಲ್ಲಿ ಇಂಗ್ಲೆಂಡಿನಾಗೂ 1971ರ ತನಕ ಶಿಲ್ಲಿಂಗಿಗಿ 12 ಪೆನ್ಸ್ ಇತ್ತು, ಫೂಟಿಗಿ ಈಗಲೂ 12 ಇಂಚು. ಇದನ್ನ ಹೇಳಿದ ಮ್ಯಾಲೆ 12ರ ಮಗ್ಗಿ ಯಾಕ ಕಲೀಬೇಕು ಅನ್ನೋ ತಕರಾರು ಮಗ ಬಿಟ್ಟ.

ಮತ್ತ ನಮ್ಮ ಮಕ್ಕಳಿಗಿ ಮಳಖೇಡದ ಸುದ್ದಿ ಹೇಳ್ರಿ. ಕಾಗಿಣಾ ದಂಡ್ಯಾಗಿನ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ಆಶ್ರಯದಾಗ ಮಹಾವೀರಾಚಾರ್ಯ 9ನೇ ಶತಮಾನದಾಗ ಗಣಿತಸಾರಸಂಗ್ರಹ ಬರದ, ಬರೇ ಗಣಿತಕ್ಕಂತಲೇ ಒಂದು ಗ್ರಂಥ. ಅದರಾಗ ಹೂವಿನ ಹಾರದಂಥ ಸಂಖ್ಯೆಗಳು ಅವ, 152207ನ್ನ 73ರಿಂದ ಗುಣಿಸಿದ್ರ 11111111, ಎಂಟು ಒಂದು ಪೋಣಿಸಿದಂಗ. ಮಗ ಕಾಗದದ ಮ್ಯಾಲೆ ತಾನೇ ಗುಣಿಸಿ ನೋಡಿದ, ಕಡೀ ಒಂದು ಬಂದಾಗ ಅವನ ಮಾರಿ ನೋಡಬೇಕಿತ್ತು ನೀವು. ಇದು ನಮ್ಮ ಜಿಲ್ಲಾದ್ದು ಅಂತ ಇಲ್ಲಿ ಗೆಳೆಯರಿಗೆಲ್ಲ ತೋರಿಸ್ಯಾನ.

ಪರೀಕ್ಷೆ ಈ ಜೂನಿಗಿ ಮುಗೀತು. ಮುಂಜಾನೆ ಬೂಟ್ ಹಾಕ್ಕೊಳ್ತಾ ಸುಮ್ನೆ ಕೂತಿದ್ದ, ಹೊಟ್ಟಿ ನೋವು ಅನ್ಲಿಲ್ಲ, ನಾನೂ ಏನೂ ಕೇಳಲಿಲ್ಲ. ಸಂಜಿಗಿ ವಿಡಿಯೋ ಕಾಲ್ ಮಾಡಿದಾಗ ಅವ್ವನೇ ಕೇಳಿದಳು, ಏಳೆಂಟ್ಲೆ ಬಂದಿತ್ತೇನಪ್ಪ ಅಂತ.

"ಬಂದಿತ್ತು ಅಜ್ಜಿ, 56 ಬರದೆ. ಆದ್ರ ನಿಮ್ಮ ಮನ್ಯಾಗ ಐವತ್ತೈದೂವರಿ."