ಮೋಟರ್‌ಹೋಮ್‌ನ ನೆಲವನ್ನು ಕಿತ್ತು ಹೊಸದಾಗಿ ಹಾಸಿದ ಕೆಲಸ

ಒಳಗೇ ವಾಸಿಸಲು ಸಜ್ಜುಗೊಳಿಸಿದ ವಾಹನವಾದ ನನ್ನ ಮೋಟರ್‌ಹೋಮ್‌ನಲ್ಲಿ ಬಾಗಿಲ ಬಳಿ ಕಾಲಿಟ್ಟಾಗಲೆಲ್ಲ ನೆಲ ಮೆತ್ತಗೆ ಕುಸಿದಂತಾಗುತ್ತಿದ್ದುದನ್ನು ನಾನು ಬಹಳ ದಿನ ಮೇಲಿನ ಹಾಸಿನ ದೋಷವೆಂದೇ ಭಾವಿಸಿದ್ದೆ. ಹಳೆಯ ವಿನೈಲ್ ಹಾಳೆಯನ್ನು ಸುಲಿದು ನೋಡಿದಾಗ ಕೆಳಗಿನ ಪ್ಲೈವುಡ್ ಕಪ್ಪಾಗಿ ಪದರ ಪದರವಾಗಿ ಬಿಟ್ಟುಕೊಂಡಿತ್ತು; ಸ್ಕ್ರೂಡ್ರೈವರ್‌ನ ಮೊನೆಯನ್ನು ಒತ್ತಿದರೆ ನೆನೆದ ರಟ್ಟಿನೊಳಗೆ ಹೋದಂತೆ ಸಲೀಸಾಗಿ ಇಳಿಯುತ್ತಿತ್ತು. ನೀರು ಬಂದದ್ದು ಬಾಗಿಲ ಚೌಕಟ್ಟಿನಲ್ಲಿ ಒಣಗಿ ಬಿರಿದಿದ್ದ ಸೀಲಂಟ್‌ನ (ನೀರು ನುಗ್ಗದಂತೆ ಬಳಿಯುವ ಅಂಟಿನ) ಸಂದಿಯಿಂದ. ಆ ಸೋರಿಕೆಯನ್ನು ಮೊದಲು ನಿಲ್ಲಿಸದೆ ಹೊಸ ನೆಲ ಹಾಕುವುದು ವ್ಯರ್ಥ ಶ್ರಮ.

ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದೆ. ಗರಗಸದ ಅಲಗಿನ ಆಳವನ್ನು ಪ್ಲೈವುಡ್‌ನ ದಪ್ಪಕ್ಕೆ ಸರಿಯಾಗಿ ಹೊಂದಿಸಿಕೊಳ್ಳಲೇಬೇಕು, ಏಕೆಂದರೆ ಅದರಡಿಯಲ್ಲೇ ವಿದ್ಯುತ್ ತಂತಿ, ನೀರಿನ ಕೊಳವೆ, ಕೆಲವೊಮ್ಮೆ ಗ್ಯಾಸ್ ಪೈಪ್ ಕೂಡ ಹಾದುಹೋಗಿರುತ್ತವೆ. ಉಳಿದ ಮರ ಪೂರ್ತಿ ಒಣಗುವವರೆಗೆ ಹಲವು ದಿನ ಕಾದು, ಜೋಡಣೆಯ ಅಡಿಗೆ ಮರದ ರೀಪು ಕೊಟ್ಟು, ಅಂಚುಗಳಿಗೆ ಎಪಾಕ್ಸಿ (ನೀರು ತಡೆಯುವ ಗಟ್ಟಿ ರಾಳ) ಬಳಿದ ಮೆರೈನ್ ಪ್ಲೈವುಡ್, ಅಂದರೆ ತೇವ ತಡೆಯುವ ಅಂಟಿನಿಂದ ಮಾಡಿದ ಪ್ಲೈವುಡ್, ಕೂರಿಸಿದೆ.

ಮೇಲ್ಹಾಸಿಗೆ ಸೆರಾಮಿಕ್ ಟೈಲ್ ನನ್ನ ದೃಷ್ಟಿಯಲ್ಲಿ ಸಲ್ಲದು. ಅದರ ತೂಕ ವಾಹನ ಹೊರಬಹುದಾದ ಭಾರದಲ್ಲಿ ದೊಡ್ಡ ಪಾಲನ್ನು ತಿಂದುಬಿಡುತ್ತದೆ. ನಾನು ಆರಿಸಿದ ವಿನೈಲ್ ಹಲಗೆಗಳು ಬಿಸಿಲಿಗೆ ಹಿಗ್ಗುವುದರಿಂದ ಗೋಡೆಯಂಚಿನಲ್ಲಿ ಸುಮಾರು 6 ಮಿಲಿಮೀಟರ್ ಸಂದು ಬಿಟ್ಟು, ಅದನ್ನು ಮರದ ಪಟ್ಟಿಯಿಂದ ಮುಚ್ಚಿದ್ದೇನೆ.